ಇಪ್ಪತ್ತೆರಡು ವರ್ಷ ಪಾಠ ಮಾಡಿದ ಮೇಲೆ ಟಿಇಟಿ: ಓದುವುದಕ್ಕೆ ಹೊತ್ತು ಎಲ್ಲಿದೆ?

ಹಳ್ಳಿಶಾಲೆ ಅಕ್ಕೋರು

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಶಿಕ್ಷಕಿ. ಪಿಯುಸಿ ಆದ ಮೇಲೆ ಟಿಸಿಎಚ್ (ಶಿಕ್ಷಕರ ತರಬೇತಿ) ಮಾಡಿ 2003ರಲ್ಲಿ ಕೆಲಸಕ್ಕೆ ಸೇರಿದೆ. ಆಮೇಲೆ ಅಂಚೆ ತೆರಪಿನಲ್ಲಿ ಬಿಎ ಮುಗಿಸಿದೆ. ಈಗ ನಲವತ್ತಾರು ವರ್ಷ. ನಿವೃತ್ತಿಗೆ ಇನ್ನೂ ಹದಿನಾಲ್ಕು ವರ್ಷ ಇದೆ.

ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ಕೊಟ್ಟ ತೀರ್ಪು ನಿಮಗೆಲ್ಲ ಗೊತ್ತಿರುತ್ತದೆ. ಒಂದರಿಂದ ಎಂಟನೇ ತರಗತಿಗೆ ಪಾಠ ಮಾಡುವವರು, ಐದು ವರ್ಷಕ್ಕಿಂತ ಜಾಸ್ತಿ ಸೇವೆ ಉಳಿದಿದ್ದರೆ, ಎರಡು ವರ್ಷದೊಳಗೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಪಾಸಾಗಬೇಕು. ಶಿಕ್ಷಣ ಹಕ್ಕು ಕಾಯ್ದೆ ಬರುವ ಮೊದಲೇ ಸೇರಿದವರಿಗೂ ಇದೇ ಮಾತು. ಪಾಸಾಗದಿದ್ದರೆ ಕೆಲಸ ಬಿಡಬೇಕು, ಇಲ್ಲವೇ ಕಡ್ಡಾಯ ನಿವೃತ್ತಿ. ಐದು ವರ್ಷಕ್ಕಿಂತ ಕಡಿಮೆ ಉಳಿದವರು ಟಿಇಟಿ ಇಲ್ಲದೆ ಮುಂದುವರಿಯಬಹುದು, ಆದರೆ ಅವರಿಗೆ ಬಡ್ತಿ ಸಿಗುವುದಿಲ್ಲ.

ಪರೀಕ್ಷೆಗೆ ನಾನು ಹೆದರಿಲ್ಲ. ಇಪ್ಪತ್ತೆರಡು ವರ್ಷ ಮಕ್ಕಳಿಗೆ ‘ಪರೀಕ್ಷೆಗೆ ಹೆದರಬೇಡಿ’ ಅಂತ ಹೇಳಿಕೊಂಡು ಬಂದಿದ್ದೇನೆ. ಪುಸ್ತಕ ತಂದಿದ್ದೇನೆ. ಆದರೆ ನನ್ನ ದಿನ ಹೇಗಿರುತ್ತದೆ ಅಂತ ಕೇಳಿ. ನಾಲ್ಕು ಮತ್ತು ಐದನೇ ತರಗತಿ ಒಂದೇ ಕೋಣೆಯಲ್ಲಿ ಕೂರುತ್ತವೆ. ಎಲ್ಲ ವಿಷಯವೂ ನನ್ನದೇ. ಅದರ ಜೊತೆ ಆರು, ಏಳಕ್ಕೆ ಸಮಾಜ. ಮಧ್ಯಾಹ್ನ ಊಟ ಬಡಿಸುವಾಗ ನಿಲ್ಲಬೇಕು. ಸಂಜೆ ನಾಲ್ಕೂವರೆ ಆದ ಮೇಲೆ ಆ ದಿನ ಯಾವ ಮಾಹಿತಿ ಕೇಳಿದ್ದಾರೋ ಅದನ್ನು ಫೋನಿನಲ್ಲಿ ತುಂಬಬೇಕು. ಹೋದ ದಸರಾ ರಜೆಯಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ತಿರುಗಿದೆ. ಮೀಟರ್ ಪಕ್ಕ ಅಂಟಿಸಿದ್ದ ಚೀಟಿ ಹುಡುಕಿಕೊಂಡು, ನೆಟ್‌ವರ್ಕ್ ಸಿಗಲಿ ಅಂತ ಯಾರದೋ ಮಾಳಿಗೆ ಹತ್ತಿ ನಿಂತಿದ್ದೇನೆ.

ಎರಡು ಪ್ರಶ್ನೆ ಇವೆ. ಒಂದು, ನಾನು ಯಾವ ಪತ್ರಿಕೆ ಬರೆಯಬೇಕು? ಎರಡು, ನಿಜವಾಗಿ ಮನಸ್ಸಿಗೆ ಹತ್ತಿದ್ದು ಇದು. ಒಳ್ಳೆಯ ಶಿಕ್ಷಕಿ ಆಗಲು ನಾನು ಏನು ಕಲಿಯಬೇಕು, ಅದನ್ನು ಯಾರು ಕಲಿಸುತ್ತಾರೆ, ಯಾವಾಗ ಕಲಿಸುತ್ತಾರೆ? ಈ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ. ಪಾಸಾ, ಫೇಲಾ ಅಂತ ಮಾತ್ರ ಕೇಳುತ್ತಿದ್ದಾರೆ.

ಗಣಿತದ ಮೇಷ್ಟ್ರು

ಮೇಡಂ, ಮೊದಲನೇ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ನಿಮ್ಮ ನೇಮಕ ಆಗಿದ್ದು ಒಂದರಿಂದ ಏಳನೇ ತರಗತಿಗೆ. 2017ರಲ್ಲಿ ವೃಂದ ನಿಯಮ ಬದಲಾದಾಗ ನಿಮ್ಮಂಥವರನ್ನೆಲ್ಲ ಒಂದರಿಂದ ಐದರ ಪಿಎಸ್‌ಟಿ (ಪ್ರಾಥಮಿಕ ಶಾಲಾ ಶಿಕ್ಷಕರು) ಅಂತ ಮಾಡಿದರು. ಹಾಗಾಗಿ ಪತ್ರಿಕೆ 1 ಬರೆಯಲೇಬೇಕು. ಬಿಎ ಇರುವುದರಿಂದ ಪತ್ರಿಕೆ 2 ಕೂಡ ಕಟ್ಟಿ. ಮುಂದೆ ಆರರಿಂದ ಎಂಟರ ಜಿಪಿಟಿ (ಪದವೀಧರ ಪ್ರಾಥಮಿಕ ಶಿಕ್ಷಕರು) ವೃಂದಕ್ಕೆ ಹೋಗುವ ದಾರಿ ತೆರೆದರೆ ಬೇಕಾಗುತ್ತದೆ. ಒಂದೇ ದಿನ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಇರುತ್ತದೆ. ತಲಾ 150 ಪ್ರಶ್ನೆ, 150 ಅಂಕ. ತಪ್ಪಿಗೆ ಅಂಕ ಕಳೆಯುವುದಿಲ್ಲ. ಸಾಮಾನ್ಯ ವರ್ಗದವರಿಗೆ 90 ಬೇಕು. ಪರಿಶಿಷ್ಟರಿಗೆ ಶೇ 55 ಸಾಕು. ಒಮ್ಮೆ ಪಾಸಾದರೆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ. ಹಿಂದಿನ ಏಳು ವರ್ಷದ ಮಿತಿ ಈಗ ಇಲ್ಲ.

ಎರಡನೇ ಪ್ರಶ್ನೆಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನಾನು 2022ರ 15,000 ಹುದ್ದೆಗಳ ನೇಮಕಾತಿಯಲ್ಲಿ ಬಂದವನು. ಮದುವೆಯಾದ ಹೆಣ್ಣುಮಕ್ಕಳ ಜಾತಿ, ಆದಾಯ ಪ್ರಮಾಣಪತ್ರ ತಂದೆಯದೋ ಗಂಡನದೋ ಅಂತ ವಿಷಯ ಹೈಕೋರ್ಟಿಗೆ ಹೋಗಿ, ಆದೇಶ ಕೈಗೆ ಬರುವಷ್ಟರಲ್ಲಿ ವರ್ಷವೇ ಕಳೆಯಿತು. ಟಿಇಟಿ ನನಗೆ ಎರಡನೇ ಸಲಕ್ಕೆ ಆಯಿತು. ಮೊದಲ ಸಲ ಬಾಯಿಪಾಠ ಮಾಡಿದ್ದೆ, ಆಗಲಿಲ್ಲ. ಎರಡನೇ ಸಲ ಮಕ್ಕಳ ಬೆಳವಣಿಗೆ ಮತ್ತು ಬೋಧನಾ ಶಾಸ್ತ್ರದ ಭಾಗವನ್ನು ಅರ್ಥ ಮಾಡಿಕೊಂಡು ಓದಿದೆ. ಮಗು ಮಾಡುವ ತಪ್ಪಿನ ಹಿಂದೆ ಒಂದು ಯೋಚನೆ ಇರುತ್ತದೆ ಅನ್ನುವುದು ನನ್ನ ತಲೆಗೆ ಹೋಗಿದ್ದು ಆಗ. ಬಿಎಡ್ ಕಾಲೇಜಿನ ಎರಡು ವರ್ಷದಲ್ಲಿ ಅದು ಹೋಗಿರಲಿಲ್ಲ. ಆದ್ದರಿಂದ ಪರೀಕ್ಷೆಯನ್ನು ಸುಮ್ನೆ ತಳ್ಳಿಹಾಕಬೇಡಿ.

ಅತಿಥಿ ಟೀಚರ್

ರಾಯಚೂರು ಜಿಲ್ಲೆಯಿಂದ ಬರೆಯುತ್ತಿದ್ದೇನೆ. ಬಿಎಸ್ಸಿ, ಬಿಎಡ್ ಆಗಿದೆ. ಟಿಇಟಿ ಪತ್ರಿಕೆ 2 ಪಾಸಾಗಿದೆ. ಆರು ವರ್ಷದಿಂದ ಅತಿಥಿ ಶಿಕ್ಷಕಿ. ನಮ್ಮ ಶಾಲೆಯಲ್ಲಿ ಕಾಯಂ ಶಿಕ್ಷಕರು ಇಬ್ಬರು, ಅತಿಥಿಗಳು ಮೂವರು.

ಅರ್ಹತೆ ಅಂದರೆ ಏನು ಅಂತ ನಾನೂ ಕೇಳಬೇಕು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಿಎಡ್ ಮಾಡಿದವರು ಒಂದರಿಂದ ಐದಕ್ಕೆ ಅರ್ಹರಲ್ಲ, ಡಿಎಡ್ ಬೇಕು ಅಂದಿತು. ಅದರ ಕಾರಣ ನನಗೆ ಅರ್ಥವಾಗುತ್ತದೆ. ಚಿಕ್ಕ ಮಕ್ಕಳಿಗೆ ಕಲಿಸುವುದು ಬೇರೆಯೇ ವಿದ್ಯೆ. ಆದರೆ ನಾನು ಈಗ ದಿನಾ ಪಾಠ ಮಾಡುತ್ತಿರುವುದು ನಾಲ್ಕನೇ ತರಗತಿಗೆ! ಕಾಯಂ ಹುದ್ದೆಗೆ ಅರ್ಹತೆ ಇಲ್ಲ, ಅತಿಥಿಯಾಗಿ ಆರು ವರ್ಷ ಮಾಡಬಹುದು.

2025ರ ಬಜೆಟ್‌ನಲ್ಲಿ ಎರಡು ಸಾವಿರ ಏರಿಸಿದ ಮೇಲೆ ತಿಂಗಳಿಗೆ ಹನ್ನೆರಡು ಸಾವಿರ. ಅದೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. ಏಪ್ರಿಲ್, ಮೇ ತಿಂಗಳಲ್ಲಿ ಏನೂ ಇಲ್ಲ. ಕೈಗೆ ಬರುವುದು ಮೂರು ತಿಂಗಳಿಗೊಮ್ಮೆ. ಕಿರಾಣಿ ಅಂಗಡಿಯವರು ಒಳ್ಳೆಯವರು, ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ತರಬೇತಿ ಬಂದಾಗ ಕಾಯಂ ಶಿಕ್ಷಕರನ್ನು ಕರೆಯುತ್ತಾರೆ. ಅವರು ಹೋದಾಗ ಅವರ ತರಗತಿಯನ್ನೂ ನಾವೇ ನೋಡಿಕೊಳ್ಳುತ್ತೇವೆ. ಈ ಆರು ವರ್ಷದಲ್ಲಿ ನನಗೆ ಒಂದು ದಿನದ ತರಬೇತಿಯೂ ಸಿಕ್ಕಿಲ್ಲ. ಮುಂದಿನ ಜೂನ್‌ನಲ್ಲಿ ಇದೇ ಶಾಲೆಗೆ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಮಕ್ಕಳು ‘ಮಿಸ್, ಮುಂದಿನ ವರ್ಷವೂ ನೀವೇ ಅಲ್ವಾ?’ ಅಂತ ಕೇಳಿದರೆ ಏನು ಹೇಳಲಿ?

ಗಣಿತದ ಮೇಷ್ಟ್ರು

ಅಕ್ಕ, ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನನ್ನ ಪಕ್ಕದ ಕೋಣೆಯಲ್ಲೂ ಒಬ್ಬರು ಅತಿಥಿ ಶಿಕ್ಷಕರಿದ್ದಾರೆ. ನನಗಿಂತ ಚೆನ್ನಾಗಿ ವಿಜ್ಞಾನ ಹೇಳಿಕೊಡುತ್ತಾರೆ.

ನಿವೃತ್ತ ಸಿಆರ್‌ಪಿ

ಮಕ್ಕಳೇ, ನಾನು ಸಿಆರ್‌ಪಿ, ಅಂದರೆ ಒಂದು ಕ್ಲಸ್ಟರ್‌ನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಸಂಪನ್ಮೂಲ ವ್ಯಕ್ತಿ ಆಗಿದ್ದೆ. ನಿವೃತ್ತನಾಗಿ ಎಂಟು ವರ್ಷ ಆಯಿತು. ಹಳ್ಳಿಶಾಲೆ ಟೀಚರ್ ಕೇಳಿದ ಎರಡನೇ ಪ್ರಶ್ನೆಯ ಬಗ್ಗೆ ನಾಲ್ಕು ಮಾತು ಹೇಳಬೇಕು. ಆ ಪ್ರಶ್ನೆಯ ಜೊತೆಯಲ್ಲೇ ನಾನು ಬದುಕಿದ್ದೇನೆ.

1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ನಲಿ ಕಲಿ, ಅಂದರೆ ಚಿಕ್ಕ ಮಕ್ಕಳು ಕಾರ್ಡುಗಳ ಮೂಲಕ ನಲಿಯುತ್ತ ಕಲಿಯುವ ಪದ್ಧತಿ, ಶುರುವಾಯಿತು. ಅಲ್ಲಿಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿಶಾಲೆಗಳನ್ನು ನೋಡಿ ಬಂದರು. ನೋಡಿ ಬಂದು ಸುಮ್ಮನೆ ಕೂರಲಿಲ್ಲ. ತಾವೇ ಕುಳಿತು ಕನ್ನಡಕ್ಕೆ ಕಾರ್ಡು ಬರೆದರು, ಮಕ್ಕಳ ಹತ್ತಿರ ಇಟ್ಟು ನೋಡಿದರು, ತಪ್ಪು ಅನ್ನಿಸಿದ್ದನ್ನು ಹರಿದು ಮತ್ತೆ ಬರೆದರು. ನಲಿ ಕಲಿಯಲ್ಲಿ ಅಕ್ಷರ ಶುರುವಾಗುವುದು ‘ಅ ಆ ಇ ಈ’ಯಿಂದ ಅಲ್ಲ, ‘ರ ಗ ಸ ದ ಅ’ಯಿಂದ. ಯಾಕೆ ಗೊತ್ತಾ? ಈ ಐದೇ ಅಕ್ಷರ ಬಂದರೆ ಮಗು ಸರ, ಅರಸ, ದಸರ, ಅಗಸ, ಗರಗಸ ಅಂತ ಓದಿಬಿಡುತ್ತದೆ. ಶಾಲೆಗೆ ಬಂದ ಕೆಲವೇ ವಾರದಲ್ಲಿ ‘ನನಗೆ ಓದಲು ಬರುತ್ತದೆ’ ಅನ್ನುವ ಧೈರ್ಯ ಬರುತ್ತದೆ. ವರ್ಣಮಾಲೆ ಪೂರ್ತಿ ಕಲಿಯುವವರೆಗೆ ಕಾಯಬೇಕಿಲ್ಲ. ಇದು ತರಗತಿಯಲ್ಲಿ ಮಕ್ಕಳ ಮುಖ ನೋಡಿದವರಿಗೆ ಹೊಳೆದ ವಿದ್ಯೆ. ಆಮೇಲೆ 2009-10ರಲ್ಲಿ ಅದು ರಾಜ್ಯಕ್ಕೆಲ್ಲ ಬಂತು. ಆದೇಶವಾಗಿ ಬಂದಾಗ ಬಹಳ ಕಡೆ ಕಾರ್ಡು ಮಾತ್ರ ಬಂತು, ಕಾರ್ಡು ಮಾಡಿದವರ ಯೋಚನೆ ಬರಲಿಲ್ಲ. ನನ್ನ ಕ್ಲಸ್ಟರ್‌ನಲ್ಲೇ ಕಾರ್ಡುಗಳನ್ನು ಬೀರುವಿನಲ್ಲಿ ಬೀಗ ಹಾಕಿಟ್ಟ ಶಾಲೆ ನೋಡಿದ್ದೇನೆ. ಹರಿದುಹೋದರೆ ಲೆಕ್ಕ ಕೊಡಬೇಕಲ್ಲ ಅಂತ ಆ ಮೇಷ್ಟ್ರಿಗೆ ಭಯ.

ಸಿಆರ್‌ಪಿ ಹುದ್ದೆ ಮಾಡಿದ್ದೇ ಶಿಕ್ಷಕರ ಜೊತೆ ಕೂರುವುದಕ್ಕೆ. ತಿಂಗಳಿಗೊಮ್ಮೆ ಸಮಾಲೋಚನಾ ಸಭೆ. ಶನಿವಾರ ಶಾಲೆ ಬಿಟ್ಟ ಮೇಲೆ ಹನ್ನೆರಡು ಶಾಲೆಯವರು ಒಂದು ಕಡೆ ಸೇರುತ್ತಿದ್ದೆವು. ಮೊದಲ ಎರಡು ವರ್ಷ ನಮ್ಮ ಸಭೆಯಲ್ಲಿ ನಡೆದಿದ್ದು ಪಾಠದ ಮಾತೇ. ಒಬ್ಬರು ಮಾದರಿ ಪಾಠ ಮಾಡುವುದು, ಉಳಿದವರು ಪ್ರಶ್ನೆ ಕೇಳುವುದು. ಆಮೇಲೆ ಸುತ್ತೋಲೆಗಳು ಬಂದವು. ನಮೂನೆ ಹಂಚುವುದು, ನಮೂನೆ ವಸೂಲಿ ಮಾಡುವುದು. ಕೊನೆಕೊನೆಗೆ ನಾನು ತರಗತಿಗೆ ಹೋದರೆ ಶಿಕ್ಷಕರು ಎದ್ದು ನಿಂತು ‘ಯಾವ ಮಾಹಿತಿ ಬೇಕಿತ್ತು ಸರ್?’ ಅನ್ನುತ್ತಿದ್ದರು. ಆ ಮಾತು ಈಗಲೂ ನೋಯಿಸುತ್ತದೆ.

ಟಿಇಟಿ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಶಿಕ್ಷಕರು ಕಲಿಯುವುದು ಇನ್ನೊಬ್ಬ ಶಿಕ್ಷಕರ ಜೊತೆ ಕೂತು, ಮಕ್ಕಳ ನೋಟ್‌ಬುಕ್ ನಡುವೆ ಇಟ್ಟುಕೊಂಡು ಮಾತಾಡಿದಾಗ. ಆ ಕೂರುವ ಹೊತ್ತನ್ನು ಕಿತ್ತುಕೊಂಡು ಎಷ್ಟು ಪರೀಕ್ಷೆ ಮಾಡಿದರೂ ಅದು ತುಂಬುವುದಿಲ್ಲ.

ಹಳ್ಳಿಶಾಲೆ ಅಕ್ಕೋರು

ಸರ್, ನಿಮ್ಮ ಮಾತು ಓದಿ ನನಗೆ ಒಂದು ಹುಡುಗಿಯ ನೆನಪು ಬಂತು. ಹೇಳುತ್ತೇನೆ.

2008 ಇರಬೇಕು. ಮೂರನೇ ತರಗತಿಯಲ್ಲಿ ಒಬ್ಬಳು ಇದ್ದಳು. ಕಳೆಯುವ ಲೆಕ್ಕ ಎಷ್ಟು ಕೊಟ್ಟರೂ ತಪ್ಪು. 52ರಲ್ಲಿ 28 ಕಳೆದರೆ 36 ಬರೆಯುತ್ತಿದ್ದಳು. 63ರಲ್ಲಿ 39 ಕಳೆದರೂ 36. ಎರಡಕ್ಕೂ ಉತ್ತರ 24. ಎರಡು ವಾರ ನಾನು ಕೆಂಪು ಪೆನ್ನಿನಲ್ಲಿ ತಪ್ಪು ಹಾಕಿದ್ದೇ ಹಾಕಿದ್ದು. ‘ಗಮನ ಕೊಡು’ ಅಂತ ಗದರಿದ್ದೂ ಉಂಟು. ಅವಳು ಸುಮ್ಮನೆ ತಲೆ ತಗ್ಗಿಸುತ್ತಿದ್ದಳು.

ಆ ತಿಂಗಳ ಸಮಾಲೋಚನಾ ಸಭೆಗೆ ತಿದ್ದಲು ಬಾಕಿ ಇದ್ದ ನೋಟ್‌ಬುಕ್ಕುಗಳನ್ನು ಚೀಲದಲ್ಲಿ ತೆಗೆದುಕೊಂಡು ಹೋಗಿದ್ದೆ. ಪಕ್ಕದ ಊರಿನ ಹಿರಿಯ ಟೀಚರ್ ಒಬ್ಬರು ಪುಟ ತಿರುಗಿಸಿ ನೋಡಿ ಹೇಳಿದರು, ‘ಈ ಹುಡುಗಿ ಜಾಣೆ ಕಣವ್ವಾ. ಒಂದೂ ಕಡೆ ನಿಯಮ ಮುರಿದಿಲ್ಲ.’ ನನಗೆ ಅರ್ಥ ಆಗಲಿಲ್ಲ. ಅವರು ಬೆರಳಿಟ್ಟು ತೋರಿಸಿದರು. 2ರಲ್ಲಿ 8 ಹೋಗುವುದಿಲ್ಲ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಅಂತ ನಾನೇ ಹೇಳಿಕೊಟ್ಟಿದ್ದೆ. ಅವಳು ಅದನ್ನು ಪ್ರತಿ ಸ್ಥಾನಕ್ಕೂ ಪಾಲಿಸಿದ್ದಳು. 8ರಲ್ಲಿ 2 ಹೋದರೆ 6, 5ರಲ್ಲಿ 2 ಹೋದರೆ 3. ಮೂವತ್ತಾರು! ನನ್ನ ಮಾತನ್ನು ಅಕ್ಷರಶಃ ಕೇಳಿದ ಹುಡುಗಿಗೆ ನಾನು ಎರಡು ವಾರ ಗದರಿದ್ದೆ.

ಸೋಮವಾರ ಬೆಂಕಿಕಡ್ಡಿ ತಂದು ಹತ್ತು ಹತ್ತರ ಕಟ್ಟು ಕಟ್ಟಿದೆ. ಐದು ಕಟ್ಟು, ಎರಡು ಬಿಡಿ ಕಡ್ಡಿ ಅವಳ ಮುಂದೆ ಇಟ್ಟೆ. ‘ಇಪ್ಪತ್ತೆಂಟು ಕೊಡು’ ಅಂದೆ. ಎರಡು ಕಟ್ಟು ಕೊಟ್ಟಳು. ಬಿಡಿ ಕಡ್ಡಿ ಎರಡೇ ಇದ್ದವು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಒಂದು ಕಟ್ಟಿನ ದಾರವನ್ನು ಹಲ್ಲಿನಿಂದ ಬಿಚ್ಚಿದಳು. ದಶಕ ತರುವುದು ಅಂದರೆ ಏನು ಅಂತ ಅವಳಿಗೆ ಆ ದಾರ ಬಿಚ್ಚುವಾಗ ಗೊತ್ತಾಯಿತು. ನನಗೂ ಕೂಡ.

ಆ ಹಿರಿಯ ಟೀಚರ್ ಎಷ್ಟು ಓದಿದವರು ಅಂತ ನಾನು ಕೇಳಿರಲೇ ಇಲ್ಲ. ಇವತ್ತಿನ ನಿಯಮದಲ್ಲಿ ಅವರು ಕೆಲಸದಲ್ಲಿ ಉಳಿಯುತ್ತಿದ್ದರಾ?

ಎಸ್‌ಡಿಎಂಸಿ ಅಪ್ಪ

ನಾನು ಶಿಕ್ಷಕ ಅಲ್ಲ. ಎರಡು ಎಕರೆ ಅಡಿಕೆ ತೋಟ ಇದೆ, ಇಬ್ಬರು ಮಕ್ಕಳು ಸರ್ಕಾರಿ ಶಾಲೆಗೆ ಹೋಗುತ್ತಾರೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ನೀವೆಲ್ಲ ಬರೆದಿದ್ದನ್ನು ಗೌರವದಿಂದ ಓದಿದೆ. ಆದರೂ ಒಂದು ಮಾತು ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ.

ನಿಮ್ಮಂಥ ಟೀಚರ್ ಸಿಕ್ಕಿದರೆ ಪುಣ್ಯ. ಸಿಗದಿದ್ದರೆ? ನನ್ನ ಮಗ ಐದನೇ ತರಗತಿಗೆ ಬಂದಾಗ ಎರಡನೇ ತರಗತಿಯ ಪುಸ್ತಕ ಓದಲು ತಡವರಿಸುತ್ತಿದ್ದ. ಕೇಳಿದರೆ ಆಗಿನ ಶಿಕ್ಷಕರು ‘ಮನೆಯಲ್ಲಿ ಓದಿಸಿ’ ಅಂದರು. ನಾನು ಓದಿದ್ದು ಏಳನೇ ಕ್ಲಾಸು. ನಾನು ಏನು ಓದಿಸಲಿ? ಹತ್ತಿರದ ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನು ದಿನಾ ನಮ್ಮ ಮನೆ ಮುಂದೆಯೇ ಹೋಗುತ್ತದೆ. ಶಿಕ್ಷಕರಿಗೆ ಕನಿಷ್ಠ ಇಷ್ಟು ಗೊತ್ತಿದೆ ಅಂತ ಒಂದು ಖಾತ್ರಿ ಬೇಕು ಅಂತ ತಂದೆ ತಾಯಿ ಕೇಳುವುದು ತಪ್ಪಾ?

ಹಳ್ಳಿಶಾಲೆ ಅಕ್ಕೋರು

ತಪ್ಪಲ್ಲ ಅಣ್ಣ. ಖಂಡಿತ ತಪ್ಪಲ್ಲ. ನೀವು ಆ ವ್ಯಾನು ಹತ್ತಿಸದೆ ಸರ್ಕಾರಿ ಶಾಲೆಯಲ್ಲೇ ಮಕ್ಕಳನ್ನು ಇಟ್ಟಿದ್ದೀರಲ್ಲ, ಆ ನಂಬಿಕೆಗೆ ನಾವು ಉತ್ತರ ಕೊಡಲೇಬೇಕು. ನಿಮ್ಮ ಮಗನಿಗೆ ಬೇಕಾಗಿದ್ದ ಉತ್ತರ ‘ಮನೆಯಲ್ಲಿ ಓದಿಸಿ’ ಅಲ್ಲ.

ಪ್ರೈವೇಟ್ ಶಾಲೆ ಮಿಸ್

ಆ ವ್ಯಾನಿನಲ್ಲಿ ಹೋಗುವ ಮಕ್ಕಳಿಗೆ ಪಾಠ ಮಾಡುವವರಲ್ಲಿ ನಾನೂ ಒಬ್ಬಳು. ಅಣ್ಣ, ನೀವು ತಿಳಿದುಕೊಂಡಿರಬೇಕು ಅಂತ ಹೇಳುತ್ತೇನೆ. ಕನಿಷ್ಠ ಅರ್ಹತೆಯ ನಿಯಮ ಖಾಸಗಿ ಶಾಲೆಗೂ ಇದೆ. 2010ರಲ್ಲಿ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ) ಹೊರಡಿಸಿದ ಅಧಿಸೂಚನೆಯಲ್ಲಿ ಸರ್ಕಾರಿ, ಖಾಸಗಿ ಅಂತ ಭೇದ ಇಲ್ಲ. ತರಬೇತಿ ಇಲ್ಲದವರು 2019ರ ಮಾರ್ಚ್ 31ರೊಳಗೆ ಪಡೆಯಲೇಬೇಕು ಅಂತ ಕಾಯ್ದೆಗೆ ತಿದ್ದುಪಡಿ ಮಾಡಿ, ಮುಕ್ತ ಶಾಲಾ ಸಂಸ್ಥೆಯ ಮೂಲಕ ದೇಶದಲ್ಲಿ ಲಕ್ಷಾಂತರ ಜನರಿಗೆ ಡಿಎಡ್ ಮಾಡಿಸಿದರು. ಅದರಲ್ಲಿ ಖಾಸಗಿ ಶಾಲೆಯವರೇ ಬಹಳ ಇದ್ದರು.

ಆದರೆ ನಾನು ಕೆಲಸ ಮಾಡುವ ಕಡೆ ಹನ್ನೊಂದು ಜನರಲ್ಲಿ ಡಿಎಡ್, ಬಿಎಡ್ ಆದವರು ನಾಲ್ವರು. ಸಂಬಳ ಒಂಬತ್ತು ಸಾವಿರ. ಒಂದು ದಿನ ರಜೆ ಹಾಕಿದರೆ ಕಡಿತ. ಏಪ್ರಿಲ್‌ನಲ್ಲಿ ಮನೆ ಮನೆಗೆ ಹೋಗಿ ಅಡ್ಮಿಷನ್ ತರಬೇಕು. ಹೆರಿಗೆಗೆ ಹೋದ ಗೆಳತಿ ವಾಪಸ್ ಬರುವಷ್ಟರಲ್ಲಿ ಅವಳ ಜಾಗದಲ್ಲಿ ಬೇರೆಯವರಿದ್ದರು. ನಮ್ಮ ಹೆಸರು ಯಾವ ಚರ್ಚೆಯಲ್ಲೂ ಬರುವುದಿಲ್ಲ, ಅದಕ್ಕೇ ಇಲ್ಲಿ ಬರೆದೆ.

ಮುಖ್ಯ ಶಿಕ್ಷಕಿ

ಹೊತ್ತು ಎಲ್ಲಿ ಹೋಗುತ್ತದೆ ಅಂತ ಕೇಳಿದ್ದೀರಿ. ನಾನು ಮುಖ್ಯ ಶಿಕ್ಷಕಿ ಅಂತ ಹೆಸರಿಗೆ. ತರಗತಿಯೂ ಇದೆ.

ಮೊಟ್ಟೆಯ ವಿಷಯವನ್ನೇ ಹೇಳುತ್ತೇನೆ. ಮಕ್ಕಳಿಗೆ ವಾರದಲ್ಲಿ ಆರು ದಿನ ಮೊಟ್ಟೆ ಕೊಡುವುದು ಬಹಳ ಒಳ್ಳೆಯ ಕೆಲಸ. ಎಷ್ಟೋ ಮಕ್ಕಳು ಬೆಳಿಗ್ಗೆ ಏನೂ ತಿನ್ನದೆ ಬರುತ್ತಾರೆ. ಆದರೆ ಒಂದು ಮೊಟ್ಟೆಗೆ ಕೊಡುವುದು ಆರು ರೂಪಾಯಿ. ಬೇಯಿಸುವ ಗ್ಯಾಸು, ಸುಲಿಯುವ ಕೂಲಿ ಅದರಲ್ಲೇ ಬಂತು. ಹೋದ ಚಳಿಗಾಲದಲ್ಲಿ ನಮ್ಮ ಸಂತೆಯಲ್ಲೇ ಮೊಟ್ಟೆ ಏಳು ರೂಪಾಯಿ ಆಗಿತ್ತು. ಹೆಚ್ಚಿಗೆ ಆಗಿದ್ದನ್ನು ನಾನು ಕೈಯಿಂದ ಹಾಕಿದೆ. ಮೊಟ್ಟೆ ತರುವುದು, ಒಡೆದಿದ್ದನ್ನು ಎಣಿಸುವುದು, ಯಾರು ಮೊಟ್ಟೆ ತಿಂದರು, ಯಾರು ಬಾಳೆಹಣ್ಣು ತಿಂದರು ಅಂತ ಬರೆಯುವುದು. ಆಮೇಲೆ ಹಾಲಿನ ಪುಡಿ ಲೆಕ್ಕ, ಶೂ ಸಾಕ್ಸ್ ಅಳತೆ, ಮಕ್ಕಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ, ಮಕ್ಕಳ ದಾಖಲೆ ಇಡುವ ಆನ್‌ಲೈನ್ ವ್ಯವಸ್ಥೆ ಸ್ಯಾಟ್ಸ್‌ನಲ್ಲಿ ಹೆಸರಿನ ಒತ್ತಕ್ಷರ ತಪ್ಪಿದ್ದರೆ ತಿದ್ದುಪಡಿ. ಗುಮಾಸ್ತರು ಇಲ್ಲ. ಜವಾನರೂ ಇಲ್ಲ. ಬೆಳಿಗ್ಗೆ ಬೀಗ ತೆಗೆಯುವುದೂ ನಾನೇ.

ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಪ್ರಕಾರ ಜನಗಣತಿ, ವಿಕೋಪ ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಾಕಬಾರದು. ಚುನಾವಣೆ ಅಂದರೆ ಮತದಾನದ ದಿನ ಅಂತ ಹೊರಗಿನವರು ತಿಳಿದಿದ್ದಾರೆ. ನಮ್ಮಲ್ಲಿ ಒಬ್ಬರು ಮತಗಟ್ಟೆ ಮಟ್ಟದ ಅಧಿಕಾರಿ ಆಗಿ ವರ್ಷಪೂರ್ತಿ ಮತದಾರರ ಪಟ್ಟಿ ಹಿಡಿದು ತಿರುಗುತ್ತಾರೆ. 2027ರ ಜನಗಣತಿಯೂ ಇದೆ. ಟಿಇಟಿಯ ಗಡುವೂ 2027ರ ಸೆಪ್ಟೆಂಬರ್. ಎರಡೂ ಬರುವುದು ಒಬ್ಬರದೇ ತಲೆ ಮೇಲೆ.

ಕಾಯ್ದೆ ಓದುವವ

ಮುಖ್ಯ ಶಿಕ್ಷಕಿಯವರು 27ನೇ ಕಲಂ ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಇದನ್ನು ಯಾರೂ ಹೇಳುವುದಿಲ್ಲ. ಅದೇ ಕಾಯ್ದೆಯ ಕೊನೆಯಲ್ಲಿ ಒಂದು ಅನುಸೂಚಿ ಇದೆ. ಅದರಲ್ಲಿ ಒಂದರಿಂದ ಐದಕ್ಕೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ, ಆರರಿಂದ ಎಂಟಕ್ಕೆ 220 ದಿನ, 1,000 ಗಂಟೆ ಪಾಠ ಅಂತ ಇದೆ. ಅದರ ಕೆಳಗಿನ ಸಾಲು ನೋಡಿ. ಶಿಕ್ಷಕರ ಕೆಲಸ ವಾರಕ್ಕೆ ಕನಿಷ್ಠ 45 ಗಂಟೆ, ಪಾಠದ ತಯಾರಿಯ ಹೊತ್ತೂ ಸೇರಿ.

ಅಂದರೆ ತಯಾರಿ ಮಾಡಿಕೊಳ್ಳುವ ಹೊತ್ತು ಕೆಲಸದ ಹೊತ್ತೇ ಅಂತ ಕಾನೂನು ಒಪ್ಪಿಕೊಂಡಿದೆ. ಅದು ಯಾರೋ ಕೊಡುವ ಭಿಕ್ಷೆ ಅಲ್ಲ. ವೇಳಾಪಟ್ಟಿಯಲ್ಲಿ ಅದಕ್ಕೆ ಒಂದು ಪೀರಿಯಡ್ ಇದೆಯಾ? ನಾನು ನೋಡಿದ ಯಾವ ಶಾಲೆಯ ವೇಳಾಪಟ್ಟಿಯಲ್ಲೂ ಇಲ್ಲ. ಟಿಇಟಿಯ ಬಗ್ಗೆ ಅದೇ ಕಾಯ್ದೆಯನ್ನು ಅಕ್ಷರಕ್ಕೆ ಅಕ್ಷರ ಓದುವುದಾದರೆ ಈ ಸಾಲನ್ನೂ ಹಾಗೆಯೇ ಓದಬೇಕಲ್ವಾ?

ಗಣಿತದ ಮೇಷ್ಟ್ರು

ಈ ಸಾಲು ನನಗೆ ಗೊತ್ತೇ ಇರಲಿಲ್ಲ ಸರ್. ಟಿಇಟಿಗೆ ಕಾಯ್ದೆ ಓದಿದ್ದೆ, ಕಲಂ ಸಂಖ್ಯೆ ಬಾಯಿಪಾಠ ಮಾಡಿದ್ದೆ. ಅನುಸೂಚಿ ಓದಿರಲಿಲ್ಲ.

ಅತಿಥಿ ಟೀಚರ್

ತರಬೇತಿಯ ಬಗ್ಗೆ ಯಾರಾದರೂ ಸ್ವಲ್ಪ ಹೇಳಿ. ಕಾಯಂ ಶಿಕ್ಷಕರಿಗೆ ಸಿಗುವ ತರಬೇತಿಯಿಂದ ನಿಜಕ್ಕೂ ಉಪಯೋಗ ಆಗುತ್ತದಾ?

ಮುಖ್ಯ ಶಿಕ್ಷಕಿ

ಯಾವ ತರಬೇತಿ ಅನ್ನುವುದರ ಮೇಲಿದೆ. ಗುರುಚೇತನ ಅಂತ ಬಂದಿತ್ತು. ಅದರಲ್ಲಿ ನಮಗೆ ಬೇಕಾದ ವಿಷಯ ನಾವೇ ಆರಿಸಿಕೊಳ್ಳಬಹುದಿತ್ತು. ನಾನು ಕನ್ನಡ ಭಾಷಾ ಬೋಧನೆ ತೆಗೆದುಕೊಂಡೆ. ಬೇಕು ಅಂತ ಬಂದವರೇ ಕೋಣೆಯಲ್ಲಿದ್ದರು, ಅದಕ್ಕೇ ಮಾತು ಚೆನ್ನಾಗಿ ನಡೆಯಿತು. ಅಲ್ಲಿ ಕಲಿತ ಎರಡು ಮೂರು ವಿಷಯ ಈಗಲೂ ಮಾಡುತ್ತೇನೆ. ಕೊರೊನಾ ಕಾಲದಲ್ಲಿ ನಿಷ್ಠಾ ತರಬೇತಿ ದೀಕ್ಷಾ ಆ್ಯಪ್‌ನಲ್ಲಿ ಬಂತು. ಹದಿನೆಂಟು ಮಾಡ್ಯೂಲ್. ವಿಷಯ ಒಳ್ಳೆಯದೇ ಇತ್ತು. ಆದರೆ ಗಡುವು ಮುಗಿಯುತ್ತಿದೆ ಅಂತ ಗುಂಪಿನಲ್ಲಿ ದಿನಾ ಮೆಸೇಜು. ಅಡುಗೆಮನೆಯಲ್ಲಿ ಫೋನು ಇಟ್ಟು ವಿಡಿಯೊ ಓಡಲು ಬಿಟ್ಟು ಚಪಾತಿ ಬೇಯಿಸಿದ್ದೇನೆ. ಕೊನೆಯಲ್ಲಿ ಪ್ರಮಾಣಪತ್ರ ಬಂತು. ನನಗೆ ಅದನ್ನು ನೋಡಿ ಸಂತೋಷ ಆಗಲಿಲ್ಲ, ಯಾಕೆಂದರೆ ಕಲಿಯಬೇಕು ಅಂತಲೇ ಇತ್ತು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಪ್ರತಿ ಶಿಕ್ಷಕರೂ ವರ್ಷಕ್ಕೆ 50 ಗಂಟೆ ವೃತ್ತಿ ಕಲಿಕೆಗೆ ಕೊಡಬೇಕು ಅಂತ ಇದೆ. ಗಂಟೆ ಎಣಿಸಬಹುದು. ಆ ಗಂಟೆಯಲ್ಲಿ ಎದುರಿಗೆ ಒಬ್ಬ ಮನುಷ್ಯ ಇರಬೇಕು.

ಗಡಿನಾಡ ಮಾಷ್ಟ್ರು

ಕಾಸರಗೋಡಿನಿಂದ. ನಾನು ಇಲ್ಲಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಕಲಿಸುತ್ತೇನೆ. ನಾವು ಬರೆದಿದ್ದು ಕೇರಳದ ಕೆ-ಟೆಟ್, ಅದು ಕನ್ನಡದಲ್ಲೂ ಇರುತ್ತದೆ. ಇಲ್ಲಿ ಪ್ರತಿ ಶಾಲೆಯಲ್ಲಿ ಶಿಕ್ಷಕರ ಗುಂಪು ಸೇರಿ ಪಾಠದ ಬಗ್ಗೆ ಮಾತಾಡುವ ಪದ್ಧತಿ ಇದೆ, ಎಸ್‌ಆರ್‌ಜಿ ಅಂತ ಕರೆಯುತ್ತಾರೆ. ಕೆಲವು ಶನಿವಾರ ಕ್ಲಸ್ಟರ್ ಸಭೆಯೂ ಇರುತ್ತದೆ. ನಿವೃತ್ತ ಸರ್ ಹೇಳಿದ ‘ಕೂರುವ ಹೊತ್ತು’ ಇಲ್ಲಿ ಇನ್ನೂ ಪೂರ್ತಿ ಸತ್ತಿಲ್ಲ.

ನಮ್ಮ ಕಷ್ಟ ಬೇರೆ. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿ, ಮಕ್ಕಳೂ ಪಾಲಕರೂ ಬೀದಿಗೆ ಇಳಿದು ಪ್ರತಿಭಟಿಸಿದ್ದು ಒಂದಲ್ಲ ಎರಡಲ್ಲ. ಅವರಿಗೆ ಪದವಿ ಇದೆ, ಬಿಎಡ್ ಇದೆ, ಅರ್ಹತಾ ಪರೀಕ್ಷೆಯೂ ಆಗಿದೆ. ಮಕ್ಕಳ ಮಾತು ಮಾತ್ರ ಗೊತ್ತಿಲ್ಲ. ಅರ್ಹತೆಯ ಪಟ್ಟಿಯಲ್ಲಿ ಮೊದಲು ಬರೆಯಬೇಕಾಗಿದ್ದು ಅದೇ ಅಲ್ವಾ?

ಎಸ್‌ಡಿಎಂಸಿ ಅಪ್ಪ

ಇಷ್ಟೆಲ್ಲ ನಮಗೆ ಗೊತ್ತೇ ಇರಲಿಲ್ಲ. ನಾವು ಶಾಲೆಗೆ ಹೋದಾಗ ಟೀಚರ್ ಫೋನ್ ಹಿಡಿದಿದ್ದರೆ ಬೈದುಕೊಳ್ಳುತ್ತಿದ್ದೆವು. ನಮ್ಮ ಸಮಿತಿಯಿಂದ ಏನಾದರೂ ಮಾಡಬಹುದಾ? ಮೊಟ್ಟೆ ತರುವ ಕೆಲಸ ನಾವೇ ಮಾಡಿಕೊಡಬಹುದು. ನನಗೆ ಹೇಗೂ ವಾರಕ್ಕೆರಡು ಸಲ ಪೇಟೆಗೆ ಹೋಗುವುದಿರುತ್ತದೆ.

ಮುಖ್ಯ ಶಿಕ್ಷಕಿ

ನೀವು ಹಾಗೆ ಮಾಡಿದರೆ ನಿಮ್ಮ ಶಾಲೆಯ ಮುಖ್ಯ ಶಿಕ್ಷಕರಿಗೆ ವಾರಕ್ಕೆ ಎರಡು ಸಂಜೆ ಉಳಿಯುತ್ತದೆ ಅಣ್ಣ. ಇದು ಚಿಕ್ಕ ಮಾತಲ್ಲ.

ನಿವೃತ್ತ ಸಿಆರ್‌ಪಿ

ಹಳ್ಳಿಶಾಲೆ ಟೀಚರ್, ನಿಮ್ಮ ಪ್ರಶ್ನೆಗೆ ಬರೋಣ. ಉತ್ತರ ಪ್ರದೇಶ ಸೇರಿ ಕೆಲವು ರಾಜ್ಯಗಳು ತೀರ್ಪಿನ ಮರುಪರಿಶೀಲನೆಗೆ ಮುಂದಾಗಿವೆ. ಅದು ಏನಾಗುತ್ತದೋ ಆಗಲಿ, ನೀವು ಓದುವುದನ್ನು ನಿಲ್ಲಿಸಬೇಡಿ. ಆದರೆ ಒಬ್ಬರೇ ಓದಬೇಡಿ. ನಿಮ್ಮ ಸುತ್ತ ಮುತ್ತ ಟಿಇಟಿ ಬರೆಯಬೇಕಾದವರು ಆರೇಳು ಜನ ಇದ್ದೇ ಇರುತ್ತಾರೆ. ಶನಿವಾರ ಶಾಲೆ ಬಿಟ್ಟ ಮೇಲೆ ಎರಡು ಗಂಟೆ ಸೇರಿ. ಬೋಧನಾ ಶಾಸ್ತ್ರದ ಮೂವತ್ತು ಅಂಕಕ್ಕೆ ಗೈಡು ಬೇಡ. ಒಬ್ಬೊಬ್ಬರು ತಮ್ಮ ತರಗತಿಯ ಒಂದು ನೋಟ್‌ಬುಕ್ ತನ್ನಿ. ಮಕ್ಕಳ ಕಲಿಕೆಯ ಬಗ್ಗೆ ಮನಶ್ಶಾಸ್ತ್ರಜ್ಞ ಪಿಯಾಜೆ ಏನು ಹೇಳಿದ, ವೈಗೋಟ್‌ಸ್ಕಿ ಏನು ಹೇಳಿದ ಅನ್ನುವುದನ್ನು ಆ ನೋಟ್‌ಬುಕ್ಕಿನಲ್ಲೇ ಹುಡುಕಿ. ನಿಮ್ಮ ಕಡ್ಡಿ ಕಟ್ಟಿನ ಹುಡುಗಿ ಇದ್ದಾಳಲ್ಲ, ಅವಳೇ ಸಾಕು. ಪಿಯಾಜೆ ಹೇಳಿದ ಹಾಗೆ, ಆ ವಯಸ್ಸಿನ ಮಗು ಕೈಗೆ ಸಿಗುವ ವಸ್ತುವಿನ ಮೂಲಕ ತರ್ಕ ಮಾಡುತ್ತದೆ. ವೈಗೋಟ್‌ಸ್ಕಿ ಹೇಳಿದ ಹಾಗೆ, ಒಬ್ಬಳೇ ಮಾಡಲಾಗದ್ದನ್ನು ಜೊತೆಗೊಬ್ಬರು ಇದ್ದಾಗ ಮಾಡುತ್ತದೆ. ನೀವು ಓದದೆಯೇ ಇವೆರಡನ್ನೂ ಮಾಡಿದ್ದೀರಿ. ಈಗ ಹೆಸರು ಕಲಿಯಬೇಕು ಅಷ್ಟೇ.

ಅತಿಥಿ ಶಿಕ್ಷಕರನ್ನೂ ಕರೆಯಿರಿ. ಆ ಕೋಣೆಯಲ್ಲಿ ಕಾಯಂ, ಅತಿಥಿ ಅಂತ ಬೇರೆ ಮಾಡಬೇಡಿ.

ಗಣಿತದ ಮೇಷ್ಟ್ರು

ಗಣಿತದ ಭಾಗಕ್ಕೆ ನಾನು ಆನ್‌ಲೈನ್‌ನಲ್ಲಿ ಬರುತ್ತೇನೆ ಮೇಡಂ. ಭಾನುವಾರ ರಾತ್ರಿ ಎಂಟರಿಂದ ಒಂಬತ್ತು. ರಾಯಚೂರಿನ ಅಕ್ಕನೂ ಬರಲಿ, ವಿಜ್ಞಾನ ಅವರು ಹೇಳಿಕೊಡಲಿ.

ಅತಿಥಿ ಟೀಚರ್

ನಾನು ಬರುತ್ತೇನೆ. ನನ್ನನ್ನು ಯಾರಾದರೂ ‘ಕಲಿಸಿಕೊಡಿ’ ಅಂತ ಕರೆದಿದ್ದು ಇದೇ ಮೊದಲು.

ಹಳ್ಳಿಶಾಲೆ ಅಕ್ಕೋರು

ಎರಡು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಮೊನ್ನೆ ಶನಿವಾರ ನಮ್ಮ ಶಾಲೆಯಲ್ಲಿ ಸೇರಿದೆವು. ಏಳು ಜನ ಬರುತ್ತೇನೆ ಅಂದಿದ್ದರು, ಬಂದವರು ಐದು. ಇಬ್ಬರಿಗೆ ಮತದಾರರ ಪಟ್ಟಿಯ ಕೆಲಸ ಬಂದುಬಿಟ್ಟಿತ್ತು. ಪಕ್ಕದೂರಿನ ಅತಿಥಿ ಶಿಕ್ಷಕ ಒಬ್ಬರು ಬಂದಿದ್ದರು. ಅವರು ತಂದ ನೋಟ್‌ಬುಕ್ಕಿನಲ್ಲಿ ಒಬ್ಬ ಹುಡುಗ 0.8ಕ್ಕಿಂತ 0.35 ದೊಡ್ಡದು ಅಂತ ಬರೆದಿದ್ದ. ಹತ್ತು ಲೆಕ್ಕದಲ್ಲೂ ಹಾಗೆಯೇ. ನಾವು ಐದೂ ಜನ ಮುಕ್ಕಾಲು ಗಂಟೆ ಅದರ ಮೇಲೇ ಕೂತೆವು. ಟಿಇಟಿ ಪುಸ್ತಕ ಆ ದಿನ ಚೀಲದಿಂದ ಹೊರಗೆ ಬರಲೇ ಇಲ್ಲ. ಆದರೆ ಹೋಗುವಾಗ ಆ ಶಿಕ್ಷಕರು ‘ಸೋಮವಾರ ಅವನಿಗೆ ರೂಪಾಯಿ, ಪೈಸೆಯಲ್ಲಿ ಕೇಳಿ ನೋಡುತ್ತೇನೆ’ ಅಂದರು.

ಇವತ್ತು ಅವರ ಫೋನ್ ಬಂದಿತ್ತು. ಮೂವತ್ತೈದು ಪೈಸೆ, ಎಂಬತ್ತು ಪೈಸೆ ಅಂತ ಕೇಳಿದರಂತೆ. ಹುಡುಗ ‘ಪೈಸೆ ಅಂದರೇನು ಸರ್?’ ಅಂದನಂತೆ. ಅವನು ಪೈಸೆ ನೋಡೇ ಇಲ್ಲ. ಈಗ ಅಳತೆ ಪಟ್ಟಿಯಲ್ಲಿ ಮಾಡೋಣ ಅಂತ ಯೋಚಿಸಿದ್ದೇವೆ. ಒಂದು ಮೀಟರಿನ ಪಟ್ಟಿ ನಮ್ಮ ಶಾಲೆಯಲ್ಲಿದೆ, ಮುಂದಿನ ಶನಿವಾರಕ್ಕೆ ತೆಗೆದಿಟ್ಟಿದ್ದೇನೆ.